ಅಕ್ವೇರಿಯಂ ಗಿಡ ಮೂರನೇ ವಾರಕ್ಕೆ ಯಾಕೆ ಕರಗುತ್ತೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಮನೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿದೆ. 3 ಅಡಿ ಉದ್ದ, 1 ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಇಟ್ಟಿದ್ದೇನೆ. ಮೊಲಿ, ಪ್ಲಾಟಿ, ಗಪ್ಪಿ ಸೇರಿ 15 ಮೀನು, ಜೊತೆಗೆ ಒಂದು ಸಕ್ಕರ್. ಮೀನು ಆರಾಮಾಗಿವೆ, ಗಿಡ ಮಾತ್ರ ಉಳಿಯುತ್ತಿಲ್ಲ. ಕಬೊಂಬಾ, ಅಮೆಜಾನ್ ಸ್ವೋರ್ಡ್, ಬಿದಿರಿನ ತರದ ಒಂದು ಗಿಡ, ಎಲ್ಲವನ್ನೂ ಎರಡೆರಡು ಸಲ ತಂದು ನೆಟ್ಟೆ. ಮೂರನೇ ವಾರಕ್ಕೆ ಎಲೆ ಗಾಜಿನಂತಾಗಿ ಕರಗುತ್ತದೆ, ಆಮೇಲೆ ಕಿತ್ತು ಬಿಸಾಡುತ್ತೇನೆ. ಟ್ಯಾಂಕಿನ ಗಾಜಿಗೆಲ್ಲ ಹಸಿರು ಪಾಚಿ. ನೀರು ಬೋರಿನದು, ಟಿಡಿಎಸ್ (ನೀರಿನಲ್ಲಿ ಕರಗಿದ ಉಪ್ಪಿನ ಅಳತೆ) 900ರ ಆಸುಪಾಸು. ಲೈಟ್ ಬೆಳಿಗ್ಗೆ 6ರಿಂದ ರಾತ್ರಿ 11ರವರೆಗೆ ಇರುತ್ತದೆ, ಗಾಳಿ ಪಂಪು 24 ಗಂಟೆ. ಅಂಗಡಿಯವರು ಕೊಟ್ಟ ಬಾಟಲಿ ಗೊಬ್ಬರವನ್ನೂ ಹಾಕುತ್ತಿದ್ದೇನೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಬಹಳ ಜನ "ಗಿಡ ಸಾಯ್ಲಿಕತ್ತಾವ್ರಿ, ಯಾವ ಗೊಬ್ಬರ ಹಾಕ್ಲಿ?" ಅಂತ ಒಂದೇ ಸಾಲು ಕೇಳಿ ಬಿಡುತ್ತಾರೆ. ನೀವು ನೀರು, ಲೈಟು, ಮೀನು ಎಲ್ಲ ಬರೆದಿದ್ದೀರಿ, ನನ್ನ ಕೆಲಸ ಹಗುರಾಯಿತು. ಮೊದಲು ಆ ಗೊಬ್ಬರದ ಬಾಟಲಿಯನ್ನು ಇವತ್ತೇ ಮುಚ್ಚಳ ಹಾಕಿ ಕಪಾಟಿಗೆ ಸೇರಿಸಿ. ಒಂದು ತಿಂಗಳು ಮುಟ್ಟಬೇಡಿ. 16 ಮೀನು ದಿನಾ ತಿಂದು ಹಾಕುವ ಹಿಕ್ಕೆಯಲ್ಲೇ ಸಾರಜನಕ, ರಂಜಕ ಎರಡೂ ಬೇಕಾದಷ್ಟಿದೆ. ಅದರ ಮೇಲೆ ನೀವು ಸುರಿದ ಗೊಬ್ಬರ ಗಿಡಕ್ಕೆ ಹೋಗಿಲ್ಲ, ನೇರ ಗಾಜಿನ ಮೇಲಿನ ಪಾಚಿಗೆ ಹೋಗಿದೆ.

ನಿಜವಾದ ತೊಡಕು ನೀರಿನಲ್ಲಿದೆ. ಆ ಬೋರ್ ನೀರಿನಲ್ಲಿ ತೊಗರಿಬೇಳೆ ಇಟ್ಟರೆ ಕುಕ್ಕರ್ ಎಷ್ಟು ಸೀಟಿ ಹೊಡೆಯಬೇಕು ಅಂತ ಅಡುಗೆಮನೆಯಲ್ಲಿ ಕೇಳಿ ನೋಡಿ. ಸೋಪು ನೊರೆ ಬರಲ್ಲ, ಗೀಸರ್ ಕಾಯಿಲ್ ಮೇಲೆ ಬಿಳಿ ಹಕ್ಕಳೆ ಕಟ್ಟುತ್ತೆ, ಬಕೆಟ್ಟಿನ ಅಂಚಿಗೆ ಬಿಳಿ ಗೆರೆ ಕೂರುತ್ತೆ. ನಮ್ಮ ಕಡೆ ಇದಕ್ಕೆ ಸವಳು ನೀರು ಅಂತೀವಿ. ಹುಬ್ಬಳ್ಳಿಯ ಎಷ್ಟೋ ಬಡಾವಣೆಗಳಲ್ಲಿ, ಗದಗ ಕಡೆ ಅಂತೂ ಇನ್ನೂ ಜಾಸ್ತಿ, ಬೋರ್ ಕೊರೆದರೆ ಸಿಗೋದು ಇದೇ. ಮೊಲಿ, ಪ್ಲಾಟಿ, ಗಪ್ಪಿಗೆ ಇಂಥ ಗಡಸು ನೀರು ಅಂದರೆ ಇಷ್ಟ, ಅದಕ್ಕೇ ನಿಮ್ಮ ಮೀನು ಆರಾಮಾಗಿವೆ. ಮೀನು ಚೆನ್ನಾಗಿವೆ ಅಂದ ಮೇಲೆ ನೀರೂ ಚೆನ್ನಾಗಿದೆ ಅಂತ ನೀವು ಅಂದುಕೊಂಡಿರಿ. ಯಾರಾದರೂ ಹಾಗೇ ಅಂದುಕೊಳ್ತಾರೆ.

ಗಿಡದ ಲೆಕ್ಕ ಬೇರೆ. ಗಿಡ ಮೈ ಕಟ್ಟಿಕೊಳ್ಳೋದು ಇಂಗಾಲದಿಂದ. ಅಂಗಳದ ದಾಸವಾಳ ಅದನ್ನು ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್‌ನಿಂದ ತಗೊಳ್ಳುತ್ತೆ, ಅದಕ್ಕೆ ಏನೂ ಕಷ್ಟ ಇಲ್ಲ. ನೀರೊಳಗಿನ ಗಿಡ ನೀರಿನಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡ್ ನಂಬಿ ಬದುಕಬೇಕು. ನೀರಿನಲ್ಲಿ ಅದು ಹರಡುವ ವೇಗ ಗಾಳಿಗಿಂತ ಸುಮಾರು 10,000 ಪಟ್ಟು ಕಡಿಮೆ. ಅದರ ಮೇಲೆ ಬೋರ್ ನೀರಾದರೆ ಇಂಗಾಲದ ಬಹುಪಾಲು ಬೈಕಾರ್ಬನೇಟ್ ಆಗಿ ಕೂತಿರುತ್ತೆ. ತಿಜೋರಿ ತುಂಬಾ ರೊಕ್ಕ ಇದೆ, ಬೀಗದ ಕೈ ಇಲ್ಲ, ಹಾಗಾಯ್ತು. ಕೆಲವು ಗಿಡಗಳ ಹತ್ತಿರ ಆ ಬೀಗದ ಕೈ ಇರುತ್ತೆ. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಹಾರ್ನ್‌ವರ್ಟ್ ಇವು ಬೈಕಾರ್ಬನೇಟನ್ನೇ ಒಡೆದು ಇಂಗಾಲ ಎಳೆದುಕೊಳ್ಳುತ್ತವೆ. ಕಬೊಂಬಾಗೆ ಅದು ಬರಲ್ಲ. ಅದು ಮೆತ್ತನೆ ನೀರಿನ, ಅಂದರೆ ಸುಣ್ಣ ಕಡಿಮೆ ಇರುವ ನೀರಿನ ಗಿಡ. ನಿಮ್ಮ ಟ್ಯಾಂಕಿನಲ್ಲಿ ಅದು ಮೂರು ವಾರ ಬದುಕಿದ್ದೇ ದೊಡ್ಡದು.

ನವಲಗುಂದದ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಯಾರಾದರೂ ಭತ್ತ ನಾಟಿ ಮಾಡ್ತಾರಾ? ಅಲ್ಲಿ ಜೋಳ, ಕಡಲೆ, ಹತ್ತಿ. ಭತ್ತ ಬೇಕು ಅಂದರೆ ಕಲಘಟಗಿ, ಅಳ್ನಾವರ ಕಡೆ ಹೋಗಬೇಕು. ರೈತರು ಭೂಮಿ ನೋಡಿ ಬೀಜ ತರುತ್ತಾರೆ. ನಾವು ಟ್ಯಾಂಕ್ ಇಡೋರು ಅಂಗಡಿಯಲ್ಲಿ ಚೆಂದ ಕಂಡಿದ್ದನ್ನು ತಂದು, ಆಮೇಲೆ ಅದಕ್ಕೆ ತಕ್ಕ ಹಾಗೆ ನೀರನ್ನು ಬದಲಿಸೋಕೆ ಬಾಟಲಿ ಮೇಲೆ ಬಾಟಲಿ ಕೊಳ್ತೀವಿ. ಉಲ್ಟಾ ಮಾಡಿ. ನಿಮ್ಮ ನೀರಿಗೆ ಒಗ್ಗುವ ಗಿಡ ತನ್ನಿ.

ನನ್ನ ಟ್ಯಾಂಕಿನ ಒಂದು ವಿಷಯ ಹೇಳ್ತೀನಿ. ನಮ್ಮ ಮನೆ ಧಾರವಾಡದ ಸಾಧನಕೇರಿ ಹತ್ತಿರ. ಹಿಂದೆ ಒಂದು ಟ್ಯಾಂಕನ್ನು ಪೂರ್ತಿ ಬೋರ್ ನೀರಿನಲ್ಲೇ ಇಟ್ಟಿದ್ದೆ, ಹಿಂಬದಿಗೆ ವ್ಯಾಲಿಸ್ನೇರಿಯಾ. ರಿಬ್ಬನ್ ತರ ಉದ್ದ ಎಲೆ, ಮೇಲೆ ಬಂದು ನೀರಿನ ಮಟ್ಟಕ್ಕೆ ಬಾಗಿ ತೇಲುತ್ತೆ. ಒಂದು ಸಂಜೆ ಎಲೆಯನ್ನು ಬೆರಳ ಸಂದಿಯಲ್ಲಿ ಹಿಡಿದು ಬುಡದಿಂದ ತುದಿಗೆ ಎಳೆದೆ. ಬುಡದಲ್ಲಿ ನುಣ್ಣಗಿತ್ತು. ಲೈಟಿಗೆ ಹತ್ತಿರ ಬರ್ತಾ ಬರ್ತಾ ಒರಟಾಯಿತು, ತುದಿಯಲ್ಲಿ ರಂಗೋಲಿ ಪುಡಿ ಅಂಟಿದ ಹಾಗೆ ಬೆರಳಿಗೆ ಸಿಕ್ಕಿತು. ಬೆಳಕಿಗೆ ಹಿಡಿದರೆ ಬಿಳಿ ಪದರ. ನಾನು ರೋಗ ಅಂದುಕೊಂಡೆ. ಅದು ಸುಣ್ಣ. ಎಲೆ ಬೈಕಾರ್ಬನೇಟ್ ಒಡೆದು ಇಂಗಾಲ ಒಳಗೆ ಎಳೆದುಕೊಂಡಿದೆ, ಉಳಿದ ಕ್ಯಾಲ್ಸಿಯಂ ಕಾರ್ಬೊನೇಟ್ ಎಲೆಯ ಮೇಲೇ ಕೂತಿದೆ. ಬೆಳಕು ಜಾಸ್ತಿ ಇರುವ ತುದಿಯಲ್ಲಿ ಕೆಲಸ ಜಾಸ್ತಿ, ಅದಕ್ಕೇ ಸುಣ್ಣವೂ ಅಲ್ಲೇ ಜಾಸ್ತಿ. ನಿಮ್ಮ ಗೀಸರ್ ಕಾಯಿಲ್ ಮೇಲಿನ ಹಕ್ಕಳೆ ಮತ್ತು ಇದು ಒಂದೇ ವಸ್ತು. ನೀವು ವ್ಯಾಲಿಸ್ನೇರಿಯಾ ಹಾಕಿದ ಮೇಲೆ ಇದು ಕಂಡರೆ ಹೆದರಬೇಡಿ, ಲೈಟು ಒಂದು ಗಂಟೆ ಕಡಿಮೆ ಮಾಡಿ ಸಾಕು.

ಇನ್ನು ಅಮೆಜಾನ್ ಸ್ವೋರ್ಡ್. ಇದರಲ್ಲಿ ನೀವು ಬದುಕಿದ್ದ ಗಿಡವನ್ನೇ ಎಸೆದಿರಬಹುದು ಅಂತ ನನಗೆ ಅನುಮಾನ. ಬಹಳಷ್ಟು ನರ್ಸರಿಯವರು ಈ ಗಿಡಗಳನ್ನು ನೀರೊಳಗೆ ಬೆಳೆಸೋದಿಲ್ಲ. ಬೇರು ಮಾತ್ರ ಒದ್ದೆ, ಎಲೆ ಗಾಳಿಯಲ್ಲಿ. ಹಾಗೆ ಬೇಗ ಬೆಳೆಯುತ್ತೆ, ಪಾಚಿ ಹತ್ತಲ್ಲ, ಸಾಗಿಸೋಕೂ ಸುಲಭ. ಆ ಎಲೆ ಗಾಳಿಗೆ ಅಂತ ತಯಾರಾದದ್ದು: ದಪ್ಪ, ಅಂಡಾಕಾರ, ತೊಟ್ಟು ಗಟ್ಟಿ. ನೀವು ತಂದು ಮುಳುಗಿಸಿದ ಮೇಲೆ ಗಿಡ ಆ ಎಲೆಗಳನ್ನು ಒಂದೊಂದಾಗಿ ಕೈಬಿಡುತ್ತೆ, ನಡುವಿನಿಂದ ಹೊಸ ಎಲೆ ಹುಟ್ಟಿಸುತ್ತೆ. ಹೊಸದು ತೆಳ್ಳಗೆ, ಉದ್ದ, ತಿಳಿ ಹಸಿರು. ಇದಕ್ಕೆ ಎರಡರಿಂದ ನಾಲ್ಕು ವಾರ ಬೇಕು. ನೀವು ಕಿತ್ತದ್ದು ಸರಿಯಾಗಿ ಆ ಮೂರನೇ ವಾರದಲ್ಲಿ! ಮುಂದಿನ ಸಲ ಕೀಳುವ ಮೊದಲು ಬುಡ ಒತ್ತಿ ನೋಡಿ. ಗಟ್ಟಿ ಇದ್ದು, ನಡುವೆ ಉಗುರಿನಷ್ಟಾದರೂ ಹಸಿರು ಮೊಳಕೆ ಕಂಡರೆ ಗಿಡ ಬದುಕಿದೆ. ಕೊಳೆತ ಎಲೆಗಳನ್ನು ಮಾತ್ರ ಕತ್ತರಿಯಿಂದ ಬುಡದಲ್ಲಿ ಕತ್ತರಿಸಿ, ಉಳಿದದ್ದಕ್ಕೆ ಕೈ ಹಚ್ಚಬೇಡಿ. ಒತ್ತಿದರೆ ಮೆತ್ತಗಾಗಿ ನಾರಿದರೆ ಮಾತ್ರ ಎಸೆಯಿರಿ.

ಎಲೆ "ಗಾಜಿನಂತೆ" ಆಗುತ್ತೆ ಅಂದಿರಲ್ಲ, ಅದರಲ್ಲಿ ಎರಡು ತರ ಇದೆ. ಇಡೀ ಎಲೆ ಲೋಳೆಯಾಗಿ ಕರಗಿದರೆ ಮೇಲೆ ಹೇಳಿದ್ದು. ಎಲೆ ಗಟ್ಟಿಯಾಗೇ ಇದ್ದು, ಅಲ್ಲಲ್ಲಿ ಹಸಿರು ಮಾತ್ರ ಹೋಗಿ ನರದ ಬಲೆ ಕಾಣ್ತಾ ಇದ್ದರೆ ಅದು ನಿಮ್ಮ ಸಕ್ಕರ್ ಕೆಲಸ. ಸ್ವೋರ್ಡಿನ ಅಗಲ ಎಲೆ ಅಂದರೆ ಅದಕ್ಕೆ ಬಹಳ ಪ್ರೀತಿ, ರಾತ್ರಿಯೆಲ್ಲ ಎಲೆಗೆ ಬಾಯಿ ಅಂಟಿಸಿ ಕೆರೆಯುತ್ತಿರುತ್ತೆ. ಅಂಗಡಿಯಲ್ಲಿ ಅದನ್ನು "ಟ್ಯಾಂಕ್ ಕ್ಲೀನರ್" ಅಂತ ಕೊಡುತ್ತಾರೆ. ಎರಡು ಇಂಚಿನ ಮರಿ ಇದ್ದಾಗ ಪಾಚಿ ತಿನ್ನುತ್ತೆ, ನಿಜ. ಆಮೇಲೆ ಒಂದು ಅಡಿ ದಾಟಿ ಬೆಳೆಯುತ್ತೆ, ಪಾಚಿಗಿಂತ ಮೀನಿನ ಕಾಳೇ ರುಚಿ ಅನ್ನಿಸುತ್ತೆ, ಹಿಕ್ಕೆಯೂ ಅಷ್ಟೇ ಹಾಕುತ್ತೆ. 3 ಅಡಿ ಟ್ಯಾಂಕಿಗೆ ಅದು ಸಲ್ಲ. ದೊಡ್ಡ ಟ್ಯಾಂಕ್ ಇರುವ ಯಾರಿಗಾದರೂ ಕೊಟ್ಟುಬಿಡಿ. ದಯವಿಟ್ಟು ಉಣಕಲ್ ಕೆರೆಗೆ ಬಿಡಬೇಡಿ. "ಪಾಪ, ಬದುಕಿಕೊಳ್ಳಲಿ" ಅಂತ ಬಿಡೋರು ಬಹಳ ಜನ ಇದ್ದಾರೆ. ಅದು ದಕ್ಷಿಣ ಅಮೆರಿಕದ ಮೀನು, ನಮ್ಮ ಕೆರೆಯಲ್ಲಿ ಅದನ್ನು ತಿನ್ನೋರು ಕಡಿಮೆ, ನಮ್ಮ ಮೀನಿನ ಜಾಗ ಅದು ಹಿಡಿಯುತ್ತೆ. ಅಂತರಗಂಗೆ ಒಂದೇ ಆ ಕೆರೆಗೆ ಸಾಕಷ್ಟು ಕಾಟ ಕೊಟ್ಟಿದೆ.

ಆ ಬಿದಿರಿನ ತರದ್ದು ಲಕ್ಕಿ ಬ್ಯಾಂಬೂ ಇರಬೇಕು. ಅದು ಬಿದಿರೂ ಅಲ್ಲ, ನೀರಿನ ಗಿಡವೂ ಅಲ್ಲ, ಆಫ್ರಿಕಾ ಮೂಲದ ಡ್ರಸೀನಾ. ಬೇರು ನೀರಿನಲ್ಲಿರಬಹುದು, ತಲೆ ಹೊರಗಿರಬೇಕು. ಮುಳುಗಿಸಿದರೆ ಒಂದೆರಡು ತಿಂಗಳಲ್ಲಿ ಕೊಳೆಯುತ್ತೆ. ಸಿಂಗೋನಿಯಂ, ನೇರಳೆ ಬಣ್ಣದ ಸುಕ್ಕು ಎಲೆಯ ಹೆಮಿಗ್ರಾಫಿಸ್ ಇಂಥವನ್ನೂ ಅಕ್ವೇರಿಯಂ ಗಿಡ ಅಂತ ಮಾರೋದನ್ನು ನೋಡಿದ್ದೀನಿ. ಒಮ್ಮೆ ನಾನೇ ಮೋಸ ಹೋಗಿದ್ದೀನಿ, ಅದೂ ಜೋಡಿಗೆ ಒಂದು ಫ್ರೀ ಅಂತ!

ಈಗ ಲೈಟು. 17 ಗಂಟೆ! ನಮ್ಮ ಊರಿನಲ್ಲಿ ಮೇ ತಿಂಗಳಲ್ಲೂ ಸೂರ್ಯ 13 ಗಂಟೆ ದುಡಿಯುತ್ತಾನೆ ಅಷ್ಟೇ. ಬೆಳಕು ಗಿಡಕ್ಕೆ ಊಟ ಅಂತ ನಾವು ಅಂದುಕೊಳ್ತೀವಿ. ನನ್ನ ಕೇಳಿದರೆ ಬೆಳಕು ಹಸಿವು. ಎಷ್ಟು ಬೆಳಕು ಕೊಡ್ತೀರೋ ಅಷ್ಟು ಹಸಿವು ಕೆರಳುತ್ತೆ. ಹಸಿವು ಕೆರಳಿಸಿ, ರೊಟ್ಟಿ ಬುಟ್ಟಿ ಖಾಲಿ ಇಟ್ಟರೆ ಏನಾಗಬೇಕು? ಇಂಗಾಲ ಸಿಗದ ಗಿಡ ಸೊರಗುತ್ತೆ, ಅದು ಬಿಟ್ಟ ಬೆಳಕನ್ನೂ ಗೊಬ್ಬರವನ್ನೂ ಪಾಚಿ ತಿನ್ನುತ್ತೆ. ಪಾಚಿಗೆ ಬಹಳ ಕಡಿಮೆ ಸಾಕು. ದಿನಕ್ಕೆ 7 ಗಂಟೆ ಲೈಟ್ ಇಡಿ. ನೀವು ಮನೆಗೆ ಬಂದು ಟ್ಯಾಂಕ್ ನೋಡುವ ಹೊತ್ತಿಗೆ ಹೊಂದಿಸಿಕೊಳ್ಳಿ, ಮಧ್ಯಾಹ್ನ 3ರಿಂದ ರಾತ್ರಿ 10, ಹಾಗೆ. ಪ್ಲಗ್ಗಿಗೆ ಹಾಕುವ ಟೈಮರ್ ಸಿಗುತ್ತೆ, ಅದನ್ನು ತನ್ನಿ. ಕೈಯಿಂದ ಹಾಕಿ ಆರಿಸೋದು ನಾಲ್ಕು ದಿನ ನಡೆಯುತ್ತೆ, ಐದನೇ ದಿನ ಧಾರಾವಾಹಿ ನೋಡ್ತಾ ಮರೆಯುತ್ತೀರಿ. ದುಬಾರಿ ಅಕ್ವೇರಿಯಂ ಲೈಟೇ ಆಗಬೇಕು ಅಂತಿಲ್ಲ. ಎಲೆಕ್ಟ್ರಿಕಲ್ ಅಂಗಡಿಯ 20 ವಾಟಿನ ಬಿಳಿ ಎಲ್‌ಇಡಿ ಪಟ್ಟಿ, ಡಬ್ಬಿ ಮೇಲೆ 6500ಕೆ ಅಂತ ಬರೆದಿದ್ದರೆ, ನಿಮ್ಮ ನೂರು ಲೀಟರಿಗೆ, ನಾನು ಹೇಳುವ ಗಿಡಗಳಿಗೆ ಧಾರಾಳ ಆಯಿತು. ನೀಲಿ ಗುಲಾಬಿ ಲೈಟು ಫೋಟೋಕ್ಕೆ ಚೆಂದ, ಅಷ್ಟೇ. ಕಿಟಕಿ ಬಿಸಿಲು ಟ್ಯಾಂಕಿಗೆ ನೇರ ಬೀಳ್ತಿದ್ದರೆ ಆ ಬದಿಗೆ ಒಂದು ರಟ್ಟು ಕಟ್ಟಿ.

ಗಾಳಿ ಪಂಪನ್ನು 24 ಗಂಟೆ ಓಡಿಸಬೇಡಿ ಅಂದರೆ ಜನ ಗಾಬರಿಯಾಗ್ತಾರೆ. ಗುಳ್ಳೆ ಜೋರಾಗಿ ಮೇಲೆದ್ದು ನೀರು ಕದಡಿದಷ್ಟೂ ನೀರಿನಲ್ಲಿರುವ ಸ್ವಲ್ಪ ಕಾರ್ಬನ್ ಡೈಆಕ್ಸೈಡ್ ಕೂಡ ಗಾಳಿಗೆ ಹಾರಿ ಹೋಗುತ್ತೆ. ಲೈಟ್ ಇರುವಾಗ ಗಿಡವೇ ಆಮ್ಲಜನಕ ಬಿಡುತ್ತೆ. ಸಂಜೆ ಎಲೆಯ ಅಂಚಿನಲ್ಲಿ ಸೂಜಿ ಮೊನೆಯಷ್ಟು ಗುಳ್ಳೆ ಸಾಲಾಗಿ ಕೂತಿರೋದು ಕಾಣುತ್ತಲ್ಲ, ಅದೇ. ಲೈಟ್ ಆರಿದ ಮೇಲೆ ಗಿಡವೂ ಮೀನಿನ ಹಾಗೇ ಆಮ್ಲಜನಕ ತಗೊಳ್ಳುತ್ತೆ. ಹಾಗಾಗಿ ಪಂಪು ರಾತ್ರಿಗೆ. ಗಿಡ ಇನ್ನೂ ಕಡಿಮೆ ಇರುವಾಗ ಫಿಲ್ಟರ್ ನೀರು ಮೇಲ್ಮಟ್ಟವನ್ನು ಸ್ವಲ್ಪ ಅಲುಗಿಸುತ್ತಿರಲಿ, ಅಷ್ಟು ಸಾಕು. ಮೀನು ಹಗಲಲ್ಲೂ ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ನನ್ನ ಮಾತು ಪಕ್ಕಕ್ಕಿಡಿ, ಪಂಪು ಹಾಕಿ.

ನೀರಿನ ವಿಷಯಕ್ಕೆ ಮತ್ತೆ ಬರ್ತೀನಿ, ಅದು ಇನ್ನೂ ಮುಗಿದಿಲ್ಲ. ನಿಮ್ಮಲ್ಲಿ ನಳದ ನೀರು ಬರುತ್ತಲ್ಲ? ಮಲಪ್ರಭೆಯ ನೀರು, ಸವದತ್ತಿ ಹತ್ತಿರದ ನವಿಲುತೀರ್ಥದ ಜಲಾಶಯದಿಂದ ಬರೋದು. ಬೋರಿಗಿಂತ ಎಷ್ಟೋ ಮೆತ್ತಗಿರುತ್ತೆ. ನಳ ಬಂದ ದಿನ ಕುಡಿಯೋಕೆ ಹಿಡಿಯುವಾಗ ಟ್ಯಾಂಕಿಗೂ ಅಂತ ಎರಡು ಬಕೆಟ್ ತೆಗೆದಿಡಿ. ಬ್ಲೀಚಿಂಗ್ ವಾಸನೆ ಇದ್ದೇ ಇರುತ್ತೆ, ಒಂದು ದಿನ ಬಾಯಿ ತೆರೆದ ಬಕೆಟ್ಟಿನಲ್ಲಿ ಗಾಳಿ ಕಲ್ಲು ಹಾಕಿಟ್ಟರೆ ಕ್ಲೋರಿನ್ ಹೋಗುತ್ತೆ. ಅವಸರ ಇದ್ದರೆ ಆಂಟಿ ಕ್ಲೋರಿನ್ ಹನಿ ಹಾಕಿ. ನಳದ ನೀರು ಸಾಲದೇ ಇದ್ದರೆ ಆರ್‌ಒ ನೀರು ಬೆರೆಸಬಹುದು. ಲೆಕ್ಕ ಸುಲಭ: 900ರ ಬೋರ್ ನೀರು ಒಂದು ಕೊಡ, 50ರ ಆರ್‌ಒ ನೀರು ಎರಡು ಕೊಡ ಬೆರೆಸಿದರೆ 330ರ ಸುತ್ತ ಬರುತ್ತೆ. ಆರ್‌ಒ ಪೈಪಿನಿಂದ ಹೊರಗೆ ಹೋಗುವ ವೇಸ್ಟ್ ನೀರನ್ನು ಉಳಿತಾಯ ಅಂತ ಟ್ಯಾಂಕಿಗೆ ಹಾಕೋರಿದ್ದಾರೆ, ಅದು ಬೋರಿಗಿಂತ ಗಡಸು, ಅದರಿಂದ ಅಂಗಳ ತೊಳೆಯಿರಿ. ಇನ್ನು ಕೆಲವರ ಮನೆಯಲ್ಲಿ ಉಪ್ಪು ಸುರಿಯುವ ಸಾಫ್ಟನರ್ ಇರುತ್ತೆ. ಆ ನೀರೂ ಬೇಡ. ಅದು ಕ್ಯಾಲ್ಸಿಯಂ ತೆಗೆದು ಅದರ ಜಾಗಕ್ಕೆ ಸೋಡಿಯಂ ಕೂರಿಸುತ್ತೆ, ಸೋಪು ನೊರೆ ಬರುತ್ತೆ, ಗಿಡಕ್ಕೆ ಏನೂ ಉಪಯೋಗ ಇಲ್ಲ.

ಮೀನು ಬೋರಿಗೆ ಹೊಂದಿಕೊಂಡಿವೆ, ಒಂದೇ ದಿನ ಬದಲಿಸಬೇಡಿ. ವಾರಕ್ಕೆ ಕಾಲು ಭಾಗ ನೀರು ತೆಗೆದು ಅಷ್ಟೇ ಹೊಸದು ಹಾಕುತ್ತಾ ಹೋಗಿ, ಒಂದೂವರೆ ತಿಂಗಳಲ್ಲಿ ತಾನಾಗಿ ಇಳಿಯುತ್ತೆ. 300-400ಕ್ಕೆ ನಿಲ್ಲಿಸಿ. ಮೊಲಿಗೆ ಅದಕ್ಕಿಂತ ಮೆತ್ತಗಿನ ನೀರು ಸೇರಲ್ಲ.

ಎಲ್ಲರೂ ಎಡವುವ ಒಂದು ಜಾಗ ಇದೆ. ನೀರು ಆರಿದಾಗ ನೀರು ಮಾತ್ರ ಹೋಗುತ್ತೆ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತೆ. ಏಪ್ರಿಲ್‌ನಲ್ಲಿ ನಿಮ್ಮ ಟ್ಯಾಂಕಿನಿಂದ ದಿನಕ್ಕೆ ಒಂದೆರಡು ಲೀಟರ್ ಆರಿ ಹೋಗೋದು ದೊಡ್ಡ ಮಾತಲ್ಲ. ಆ ಜಾಗವನ್ನು ಮತ್ತೆ ಬೋರ್ ನೀರಿನಿಂದ ತುಂಬಿದರೆ, ಮತ್ತೆ ಆರಿದರೆ, ಮತ್ತೆ ತುಂಬಿದರೆ, 900 ಇದ್ದದ್ದು ಬೇಸಿಗೆ ಮುಗಿಯೋದರೊಳಗೆ 1500 ಮುಟ್ಟುತ್ತೆ. ಸಾರು ಕುದಿದು ಕುದಿದು ಉಪ್ಪಾದ ಹಾಗೆ. ಆರಿದ್ದಕ್ಕೆ ಆರ್‌ಒ ನೀರು ಮಾತ್ರ ಹಾಕಿ. ಮಳೆಗಾಲದಲ್ಲಾದರೆ ತಾರಸಿ ನೀರು ಹಿಡಿಯಿರಿ, ಮೊದಲ ಎರಡು ಮಳೆ ಬಿಟ್ಟು. ಅದಕ್ಕಿಂತ ಮೆತ್ತಗಿನ ನೀರು ದುಡ್ಡು ಕೊಟ್ಟರೂ ಸಿಗಲ್ಲ.

ಮಣ್ಣಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳ್ತೀನಿ, ಯಾಕಂದರೆ ನಾನು ಮಾಡಿದ ಪೆದ್ದತನ ಇನ್ನೊಬ್ಬರು ಮಾಡಬಾರದು. ಹತ್ತಿ, ಜೋಳ ಇಷ್ಟು ಚೆನ್ನಾಗಿ ಬೆಳೆಯುತ್ತಲ್ಲ, ಗಿಡಕ್ಕೆ ಒಳ್ಳೆಯದೇ ಅಲ್ವಾ ಅಂತ ಹೊಲದಿಂದ ಎರಿ ಮಣ್ಣು ತಂದು ಟ್ಯಾಂಕಿನ ತಳಕ್ಕೆ ಹಾಸಿದೆ. ನೀರು ಬಿಟ್ಟೆ. ಮಾರನೇ ದಿನ ನಮ್ಮ ಅವ್ವ ಬಂದು ನೋಡಿ, "ಇಷ್ಟ್ ಚಹಾ ಯಾರಿಗ್ ಮಾಡೀಯೋ?" ಅಂದಳು. ಎರಡು ತಿಂಗಳಾದರೂ ತಿಳಿಯಾಗಲಿಲ್ಲ. ಎರಿ ಮಣ್ಣಿನ ಜೇಡಿ ಅಷ್ಟು ನುಣುಪು, ಒದ್ದೆಯಾದರೆ ಉಬ್ಬುತ್ತೆ, ಒಂದು ಗಿಡ ಕಿತ್ತರೂ ಮತ್ತೆ ಕದಡುತ್ತೆ. ಸಾಲದ್ದಕ್ಕೆ ಅದರೊಳಗೆ ಸುಣ್ಣದ ಹರಳು ಇರುತ್ತೆ, ನೀರು ಇನ್ನಷ್ಟು ಗಡಸಾಯಿತು.

ಕೆಂಪು ಮಣ್ಣು ಬೇರೆ ಜಾತಿ. ಧಾರವಾಡದಿಂದ ಅಳ್ನಾವರ ಕಡೆ ಹೊರಟರೆ ಸಿಗುವ ಜಂಬಿಟ್ಟಿಗೆಯಂಥ ಕೆಂಪು ಮಣ್ಣಿನಲ್ಲಿ ಕಬ್ಬಿಣ ತುಂಬಾ ಇರುತ್ತೆ, ಸುಣ್ಣ ಇರೋದಿಲ್ಲ ಅಂದರೂ ನಡೆಯುತ್ತೆ. ಗಡಸು ನೀರಿನಲ್ಲಿ ಗಿಡಕ್ಕೆ ಮೊದಲು ಕೊರತೆಯಾಗೋದು ಕಬ್ಬಿಣವೇ. ನೀರಿಗೆ ಹನಿ ಹಾಕಿದರೆ ಅದು ಬೇಗ ಗಸಿಯಾಗಿ ತಳಕ್ಕೆ ಕೂರುತ್ತೆ. ಬೇರಿನ ಹತ್ತಿರ, ಉಸುಕಿನ ಕೆಳಗೆ ಆಮ್ಲಜನಕ ಇಲ್ಲದ ಜಾಗದಲ್ಲಿ ಮಣ್ಣಿನ ಕಬ್ಬಿಣ ಕರಗುವ ರೂಪಕ್ಕೆ ಬರುತ್ತೆ, ಬೇರು ಹೀರಿಕೊಳ್ಳುತ್ತೆ. ನಾನು ಮಾಡೋದು ಹೀಗೆ: ಗೊಬ್ಬರ ಬೀಳದ, ಔಷಧಿ ಹೊಡೆಯದ ಜಾಗದ ಕೆಂಪು ಮಣ್ಣು ತಂದು, ಹಿಟ್ಟಿನ ಜರಡಿಯಲ್ಲಿ (ಹಳೆಯದು ಇದ್ದರೆ ಒಳ್ಳೆಯದು, ಹೊಸದು ಮುಟ್ಟಿ ಬೈಸಿಕೊಳ್ಳಬೇಡಿ) ಸೋಸಿ, ಎರಡು ಸಲ ನೀರಲ್ಲಿ ಕದಡಿ ಮೇಲೆ ತೇಲುವ ಕಸ ಚೆಲ್ಲಿ, ಉಳಿದ ಗಟ್ಟಿ ಮಣ್ಣನ್ನು ಗೋಲಿ ಗಾತ್ರದ ಉಂಡೆ ಕಟ್ಟಿ ತಾರಸಿ ಮೇಲೆ ಎರಡು ದಿನ ಒಣಗಿಸ್ತೀನಿ. ಒಣಗಿದ ಉಂಡೆಯನ್ನು ಗಿಡದ ಬುಡದಿಂದ ಎರಡು ಇಂಚು ದೂರದಲ್ಲಿ ಬೆರಳಿನಿಂದ ತಳದವರೆಗೂ ಒತ್ತಿ, ಮೇಲೆ ಉಸುಕು ಮುಚ್ಚಿದರೆ ಆಯಿತು. ಸ್ವೋರ್ಡಿಗೆ, ಕ್ರಿಪ್ಟಿಗೆ (ಕ್ರಿಪ್ಟೊಕೊರೈನ್ ಗಿಡ, ಅದರ ಬಗ್ಗೆ ಮುಂದೆ ಹೇಳ್ತೀನಿ) ಗಿಡಕ್ಕೆ ಎರಡು ಉಂಡೆ, ನಾಲ್ಕು ತಿಂಗಳಿಗೊಮ್ಮೆ. ಸಗಣಿ ಗೊಬ್ಬರ ಬೆರೆಸಬೇಡಿ, ಅಮೋನಿಯಾ ಎದ್ದು ಮೀನು ಸಾಯುತ್ತವೆ.

ಬಣ್ಣದ ಕಲ್ಲು ಹಾಕಿದ್ದರೆ ತೆಗೆದು ಹೊಳೆ ಉಸುಕು ಅಥವಾ ಸಣ್ಣ ಜಲ್ಲಿ ಎರಡೂವರೆ ಇಂಚು ಹಾಕಿ. ಹಾಕುವ ಮೊದಲು ಒಂದು ಹಿಡಿ ಕಲ್ಲಿನ ಮೇಲೆ ನಿಂಬೆರಸ ಹಿಂಡಿ. ಸುಂಯ್ ಅಂತ ನೊರೆ ಬಂದರೆ ಅದರಲ್ಲಿ ಸುಣ್ಣ ಇದೆ, ಬೇಡ.

ಹಳೆಯ ಎಲೆಗಳಲ್ಲಿ ಸೂಜಿಯಿಂದ ಚುಚ್ಚಿದ ಹಾಗೆ ತೂತು ಬಿದ್ದು, ಆಮೇಲೆ ಅದು ಹಳದಿ ಅಂಚಿನ ಜೊತೆ ದೊಡ್ಡದಾಗ್ತಾ ಹೋದರೆ ಪೊಟ್ಯಾಷ್ ಕೊರತೆ. ಇದೊಂದು ಮಾತ್ರ ಮೀನಿನ ಹಿಕ್ಕೆಯಲ್ಲಿ ಸಾಕಷ್ಟು ಸಿಗಲ್ಲ. ಗೊಬ್ಬರದ ಅಂಗಡಿಯಲ್ಲಿ ಸಲ್ಫೇಟ್ ಆಫ್ ಪೊಟ್ಯಾಷ್ ಅಂತ ಸಿಗುತ್ತೆ, ಚೀಲದ ಮೇಲೆ 0:0:50 ಅಂತ ಇರುತ್ತೆ. ನೂರು ಲೀಟರಿಗೆ ವಾರಕ್ಕೆ 1 ಗ್ರಾಂ, ಕಾಲು ಚಮಚಕ್ಕಿಂತ ಕಡಿಮೆ, ಲೋಟದ ನೀರಲ್ಲಿ ಕರಗಿಸಿ ಹಾಕಿ. ಅದೇ ಅಂಗಡಿಯ 19:19:19, ಯೂರಿಯಾ, ಡಿಎಪಿ ಕಡೆ ತಿರುಗಿಯೂ ನೋಡಬೇಡಿ. ಹೊಲಕ್ಕೆ ಅವು ಬೇಕು, ಟ್ಯಾಂಕಿನಲ್ಲಿ ಅವುಗಳ ಸಾರಜನಕ ಅಮೋನಿಯಾ ಆಗಿ ಮೀನಿನ ಕಿವಿರು ಸುಡುತ್ತೆ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಅದು ಕಬ್ಬಿಣ, ಮಣ್ಣಿನ ಉಂಡೆ ಒತ್ತಿ. ಲಿಕ್ವಿಡ್ ಕಾರ್ಬನ್ ಅಂತ ಒಂದು ಬಾಟಲಿ ಬರುತ್ತೆ, ಅದರಲ್ಲಿರೋದು ಸಾಮಾನ್ಯವಾಗಿ ಗ್ಲುಟರಾಲ್ಡಿಹೈಡ್. ಪಾಚಿ ಸಾಯಿಸುತ್ತೆ, ಜೊತೆಗೆ ವ್ಯಾಲಿಸ್ನೇರಿಯಾವನ್ನೂ ಕರಗಿಸುತ್ತೆ. ತರಬೇಡಿ.

ಬೇಸಿಗೆಯಲ್ಲಿ ಹುಬ್ಬಳ್ಳಿಯ ಟ್ಯಾಂಕ್ ನೀರು 31-32 ಡಿಗ್ರಿಗೆ ಹೋಗುತ್ತೆ. 25 ಡಿಗ್ರಿಯಲ್ಲಿ ಲೀಟರ್ ನೀರು ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿದಿಡುತ್ತೆ, 32ಕ್ಕೆ ಅದು 7ರ ಹತ್ತಿರ ಇಳಿಯುತ್ತೆ. ಸಾಲದ್ದಕ್ಕೆ ಮೀನಿನ ಉಸಿರಾಟ ಜೋರಾಗುತ್ತೆ, ಕೊಳೆಯೋದೂ ಜೋರಾಗುತ್ತೆ. ಒಂದು ಮೇ ರಾತ್ರಿ ಕರೆಂಟ್ ಹೋಗಿ ಬೆಳಗಾದರೂ ಬರಲಿಲ್ಲ, ನನ್ನ ಟ್ಯಾಂಕ್ ತುಂಬಾ ಹೈಡ್ರಿಲ್ಲಾ ಕಿಕ್ಕಿರಿದಿತ್ತು, ಎದ್ದು ನೋಡಿದರೆ ದೊಡ್ಡ ಏಂಜೆಲ್ ಮೀನು ಎರಡೂ ಸತ್ತು ಮೇಲೆ ತೇಲ್ತಿದ್ದವು. ಗಿಡ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂದುಕೊಂಡಿದ್ದೆ. ಕತ್ತಲಲ್ಲಿ ಆ ಗಿಡಗಳೇ ಆಮ್ಲಜನಕ ಕುಡಿದು ಮುಗಿಸಿದ್ದವು. ಆವತ್ತಿನಿಂದ ಬ್ಯಾಟರಿ ಮೇಲೆ ನಡೆಯುವ ಸಣ್ಣ ಗಾಳಿ ಪಂಪು ಮನೆಯಲ್ಲಿ ಇದ್ದೇ ಇರುತ್ತೆ. ತಂಪು ಮಾಡೋಕೆ ಮುಚ್ಚಳ ತೆಗೆದು ನೀರಿನ ಮೇಲೆ ಒಂದು ಟೇಬಲ್ ಫ್ಯಾನ್ ತಿರುಗಿಸಿ, ಎರಡು ಮೂರು ಡಿಗ್ರಿ ಇಳಿಯುತ್ತೆ. ಮಾರ್ಚ್ ಏಪ್ರಿಲ್‌ನ ನಮ್ಮ ಒಣ ಗಾಳಿಗೆ ಇದು ಬಹಳ ಚೆನ್ನಾಗಿ ನಡೆಯುತ್ತೆ, ಮಣ್ಣಿನ ಕೊಡದ ನೀರು ತಂಪಾಗುವ ಲೆಕ್ಕವೇ. ಆರುವ ನೀರಿಗೆ ಆರ್‌ಒ ಹಾಕೋದು ಮರೆಯಬೇಡಿ. ಚಳಿಗಾಲಕ್ಕೆ ಹುಬ್ಬಳ್ಳಿಯವರು ಹೀಟರ್ ಇಲ್ಲದೆ ತಳ್ಳಬಹುದೇನೋ, ಧಾರವಾಡದವರು 100 ವಾಟಿನದೊಂದು ಇಟ್ಟುಕೊಳ್ಳೋದು ಒಳ್ಳೆಯದು.

ಹಾಗಾದರೆ ಏನು ನೆಡಬೇಕು? ಹಿಂಬದಿಗೆ ವ್ಯಾಲಿಸ್ನೇರಿಯಾ, ಎಂಟು ಹತ್ತು ಸಸಿ. ಒಂದು ಮೂಲೆಗೆ ಹಾರ್ನ್‌ವರ್ಟ್, ಅದಕ್ಕೆ ಬೇರೇ ಇಲ್ಲ, ಸುಮ್ನೆ ತೇಲಿಬಿಡಿ ಅಥವಾ ಕಲ್ಲಿಗೆ ಕಟ್ಟಿ. ಮೊದಲ ಎರಡು ತಿಂಗಳು ಪಾಚಿಯ ಊಟ ಕಿತ್ತುಕೊಳ್ಳೋದು ಅದೇ, ಗಪ್ಪಿ ಮರಿಗಳಿಗೂ ಅಡಗೋಕೆ ಜಾಗ. ನಡುವೆ ಎರಡು ಮೂರು ಕ್ರಿಪ್ಟೊಕೊರೈನ್. ಶ್ರೀಲಂಕಾದ ವೆಂಡ್ಟಿ ಜಾತಿ ಸುಲಭವಾಗಿ ಸಿಗುತ್ತೆ. ಇದೇ ಕುಲದ ಗಿಡಗಳು ನಮ್ಮ ಘಟ್ಟದ ಹೊಳೆಗಳಲ್ಲೂ ಇವೆ, ಅಲ್ಲಿಂದ ಕಿತ್ತು ತರಬೇಡಿ. ಕ್ರಿಪ್ಟ್ ಮಹಾ ಮುನಿಸಿನ ಗಿಡ. ಜಾಗ ಬದಲಿಸಿದರೆ, ನೀರು ಬದಲಿಸಿದರೆ ಎಲ್ಲ ಎಲೆ ಉದುರಿಸಿ ಬೋಳಾಗಿ ಕೂರುತ್ತೆ. ಮಣ್ಣಿನೊಳಗೆ ಗಡ್ಡೆ ಇರುತ್ತೆ, ತಿಂಗಳು ಬಿಟ್ಟು ಮತ್ತೆ ಚಿಗುರುತ್ತೆ. ಮುಂದೆ ಕಟ್ಟಿಗೆ ಅಥವಾ ಕಲ್ಲಿನ ಮೇಲೆ ಅನುಬಿಯಾಸ್, ಜಾವಾ ಫರ್ನ್. ಇವೆರಡರ ದಪ್ಪ ಅಡ್ಡ ಕಾಂಡವನ್ನು ಉಸುಕಿನಲ್ಲಿ ಹೂಳಬಾರದು, ಕೊಳೆಯುತ್ತೆ. ಹತ್ತಿಯ ಹೊಲಿಗೆ ದಾರದಿಂದ ಕಲ್ಲಿಗೆ ಕಟ್ಟಿ, ಎರಡು ತಿಂಗಳಲ್ಲಿ ಬೇರು ಕಲ್ಲನ್ನು ಹಿಡಿದುಕೊಳ್ಳುತ್ತೆ, ದಾರ ತಾನಾಗೇ ಕೊಳೆತು ಬೀಳುತ್ತೆ. ಇವಕ್ಕೆ ಬೈಕಾರ್ಬನೇಟ್ ಒಡೆಯೋಕೆ ಬರಲಿಕ್ಕಿಲ್ಲ, ಆದರೆ ಬೆಳೆಯೋದೇ ತಿಂಗಳಿಗೊಂದು ಎಲೆ, ಅಷ್ಟಕ್ಕೆ ಇರುವ ಕಾರ್ಬನ್ ಸಾಕಾಗುತ್ತೆ. ಸ್ವೋರ್ಡ್ ಬೇಕೇ ಬೇಕು ಅಂದರೆ ನೀರು 400ಕ್ಕೆ ಇಳಿದ ಮೇಲೆ, ಸಕ್ಕರ್ ಹೋದ ಮೇಲೆ, ಒಂದೇ ಒಂದು.

ಇನ್ನೊಂದು ಗಿಡ ನಿಮ್ಮ ಮನೆಯಲ್ಲೇ ಇರಬಹುದು. ಮನಿ ಪ್ಲಾಂಟಿನ ಒಂದು ಬಳ್ಳಿ ಕತ್ತರಿಸಿ ಬೇರು ಮಾತ್ರ ಟ್ಯಾಂಕಿನ ಹಿಂದಿನ ಅಂಚಿನಲ್ಲಿ ಇಳಿಬಿಡಿ, ಎಲೆ ಹೊರಗೆ. ಇಂಗಾಲ ಗಾಳಿಯಿಂದ ತಗೊಳ್ಳುತ್ತೆ, ನಿಮ್ಮ ಸವಳು ನೀರಿನ ತಕರಾರು ಅದಕ್ಕಿಲ್ಲ. ನೀರಿನ ನೈಟ್ರೇಟ್ ಮಾತ್ರ ಹೀರುತ್ತಾ ಹೋಗುತ್ತೆ. ಆ ಲಕ್ಕಿ ಬ್ಯಾಂಬೂ ಇನ್ನೂ ಬದುಕಿದ್ದರೆ ಅದನ್ನೂ ಹೀಗೇ ನಿಲ್ಲಿಸಬಹುದು.

ಹೊಸ ಗಿಡ ತಂದ ದಿನವೇ ಟ್ಯಾಂಕಿಗೆ ಹಾಕಬೇಡಿ. ಒಂದು ವಾರ ಬೇರೆ ಬಕೆಟ್ಟಿನಲ್ಲಿಡಿ, ದಿನ ಬಿಟ್ಟು ದಿನ ನೀರು ಬದಲಿಸಿ, ಎಲೆಯ ಅಡಿಯಲ್ಲಿ ಜೆಲ್ಲಿಯಂಥ ಬಸವನಹುಳದ ಮೊಟ್ಟೆ ಕಂಡರೆ ಉಗುರಿನಿಂದ ಕೆರೆದು ತೆಗೆಯಿರಿ. ಔಷಧಿ ಹೊಡೆದಿದ್ದರೂ ಆ ವಾರದಲ್ಲಿ ಬಹಳಷ್ಟು ತೊಳೆದು ಹೋಗಬಹುದು. ಗಾಜಿನ ಪಾಚಿಯನ್ನು ಹಳೆಯ ಎಟಿಎಂ ಕಾರ್ಡಿನಿಂದ ಕೆರೆದು, ಅದೇ ದಿನ ಕಾಲು ಭಾಗ ನೀರು ತೆಗೆಯಿರಿ. ಆ ನೀರನ್ನು ಮಾತ್ರ ಚೆಲ್ಲಬೇಡಿ, ದಾಸವಾಳದ ಬುಡಕ್ಕೆ ಹಾಕಿ.

ನೆಟ್ಟು ಒಂದು ತಿಂಗಳು ವ್ಯಾಲಿಸ್ನೇರಿಯಾ ಸತ್ತ ಹಾಗೇ ಕಾಣುತ್ತೆ, ಹಳೆಯ ಎಲೆ ತುದಿಯಿಂದ ಕಂದಾಗಿ ಹೋಗುತ್ತೆ. ಆಮೇಲೆ ಒಂದು ದಿನ ಬುಡದಿಂದ ನೂಲಿನಂಥ ಬಿಳಿ ಹಂಬು ಉಸುಕಿನ ಮೇಲೆ ಹರಿದು, ಮೂರು ಇಂಚು ಆಚೆ ಪುಟ್ಟ ಸಸಿ ಎದ್ದಿರುತ್ತೆ. ಅದನ್ನು ಕೂಡಲೇ ಬೇರೆ ಮಾಡಬೇಡಿ. ಮರಿಗೆ ನಾಲ್ಕೈದು ಎಲೆ ಬಂದು, ಮೆಲ್ಲಗೆ ಎಳೆದರೆ ಉಸುಕು ಹಿಡಿದು ನಿಂತಿದೆ ಅನ್ನಿಸಿದ ಮೇಲೆ ಹಂಬು ಕತ್ತರಿಸಿ, ಬೋಳಾಗಿರುವ ಕಡೆ ನೆಡಿ.